ಧೂಳಿನ ಕೆಮ್ಮು

ಗೋಣಿಬೀಡು
8 ಜನವರಿ 2024

ಶಶಿಧರಣ್ಣನವರಿಗೆ ರಾಜೇಶನ ನಮಸ್ಕಾರಗಳು.

ಈ ಕಾಲದಲ್ಲಿ ಇವನೇನು ಕಾಗದ ಬರೆಯುತ್ತಾನೆ ಅಂತ ನಗಬೇಡಿ. ಫೋನ್ ಹಿಡಿದರೆ ನನಗಿಂತ ಮೊದಲು ಕೆಮ್ಮು ಮಾತು ಶುರು ಮಾಡುತ್ತದೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೀವು ನೋಡಿದ್ದೀರಿ, ನೀಲಿ ಗೀಟು ಬಿದ್ದಿದೆ, ಉತ್ತರ ಮಾತ್ರ ಬರಲಿಲ್ಲ. ಕಾಫಿ ಕೊಯ್ಲಿನ ಕಾಲ, ಪುರುಸೊತ್ತು ಇರಲಿಕ್ಕಿಲ್ಲ. ಅದಕ್ಕೇ ಬರೆದು ಟಪಾಲಿಗೆ ಹಾಕುತ್ತಿದ್ದೇನೆ.

ಎರಡು ಸಲ ಟಿಬಿ ಮಾತ್ರೆಯ ಕೋರ್ಸು ಮುಗಿಸಿದರೂ ಉಸಿರು ಸುಧಾರಿಸಲಿಲ್ಲವಲ್ಲ, ಹೋದ ವಾರ ಅವ್ವನನ್ನು ಕರೆದುಕೊಂಡು ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಬೆಳ್ಳಗೆ ಗಂಟುಗಂಟು. ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಬಿಗಿಯುತ್ತದಲ್ಲ, ಒಳಗೂ ಹಾಗೇ ಬಿಗಿದುಕೊಂಡಿದೆ ಅಂದರು.

"ಟಿಬಿನಾ ಸಾರ್?" ಅಂದೆ.

"ಮೇಲ್ಭಾಗದಲ್ಲಿ ಹೀಗೆ ಕಲೆ ಕಟ್ಟೋದಕ್ಕೆ ಟಿಬಿ ಒಂದೇ ಕಾರಣ ಅಲ್ಲ. ಬೂಷ್ಟು ಹಿಡಿದ ಹುಲ್ಲಿನ ಧೂಳು ವರ್ಷಗಟ್ಟಲೆ ಕುಡಿದ್ರೂ ಬರುತ್ತೆ, ಪಾರಿವಾಳ ಸಾಕೋರಿಗೂ ಬರುತ್ತೆ. ಬೆನ್ನುಮೂಳೆ ಬಿಗಿಯೋ ಒಂಥರಾ ವಾತ ಇದೆ, ಅದರಲ್ಲೂ ಬರುತ್ತೆ. ಕ್ಯಾನ್ಸರ್ ಅಂತ ಎದೆಗೆ ಕರೆಂಟ್ ಕೊಡಿಸಿದ್ರೂ ಬರುತ್ತೆ. ನಿಮ್ಮ ಮನೇಲಿ ಪಾರಿವಾಳ ಇದಾವಾ?"

ಅವ್ವ ಸುಮ್ಮನಿರಬೇಕಲ್ಲ! "ಪಾರಿವಾಳ ಸಾಕೋಕೆ ಜಾಗ ಎಲ್ಲೈತೆ ಸ್ವಾಮಿ, ತೋಟದ ಕೂಲಿ ಲೈನ್ ಮನೆಗಳಲ್ಲಿ ನಾವೇ ಪಾರಿವಾಳದಂಗೆ ಇದ್ವಿ" ಅಂದಳು. ಡಾಕ್ಟರು ನಕ್ಕರು. ಆಮೇಲೆ ನನ್ನ ಕೆಲಸ ಏನು ಅಂತ ಕೇಳಿದರು. ಗ್ರಾನೈಟು ಕೊಯ್ಯೋದು ಅಂದೆ. ನೀರು ಬಿಟ್ಟು ಕೊಯ್ತಿದ್ಯಾ ಅಂದರು. ಇಲ್ಲ, ಒಣಗೇ ಅಂದೆ. ಹೊರಗಾ ಒಳಗಾ ಅಂದರು. ಒಳಗೆ, ಬಾಗಿಲು ಕಿಟಕಿ ಹಾಕ್ಕೊಂಡು, ಎಂಟು ವರ್ಷ ಅಂದೆ. ಅವರ ನಗು ಹೋಯಿತು. "ಎಂಟು ವರ್ಷವಾ? ಮುಚ್ಚಿದ ಕೋಣೇಲಾ?" ಅಂತ ಮತ್ತೆ ಮತ್ತೆ ಕೇಳಿದರು. ಕಫ ಪರೀಕ್ಷೆ ಮಾಡಿಸಿದರು, ಇನ್ನೂ ಏನೇನೋ ಮಾಡಿಸಿದರು. ಟಿಬಿಯ ಕ್ರಿಮಿ ಇಲ್ಲ, ಹಿಂದೆ ಇದ್ದದ್ದಕ್ಕೂ ಗುರುತಿಲ್ಲ, ಇದು ಕಲ್ಲಿನ ಧೂಳು ಅಂದುಬಿಟ್ಟರು. ವಾಸಿಯಾಗುವುದಿಲ್ಲವಂತೆ. ಆದರೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವಂತೆ. ಅಣ್ಣಾ, ಎರಡನೆಯ ಮಾತು ಕೇಳಿ ನನಗೆ ಮೊದಲನೆಯದು ಮರೆತೇ ಹೋಯಿತು.

ನಿಮ್ಮಿಂದ ಒಂದೇ ಒಂದು ಉಪಕಾರ ಆಗಬೇಕು. ಎರಡು ವರ್ಷದ ಹಿಂದೆ ನೀವೇ ನನ್ನ ರೇವತಿಯನ್ನೂ ಮಗಳು ಸಿಂಚನಾಳನ್ನೂ ಜೀಪಿನಲ್ಲಿ ಕೊಟ್ಟಿಗೆಹಾರದ ಅವಳ ತಾಯಿ ಮನೆಗೆ ಬಿಟ್ಟು ಬಂದಿರಿ. "ಇವನಿಗೆ ಟಿಬಿ ಬಂದಿದೆ, ಮಗು ಉಳಿಸ್ಕೋ ರೇವತಿ" ಅಂದಿರಿ. ಒಳ್ಳೆಯದಕ್ಕೇ ಅಂದಿರಿ, ಅದರಲ್ಲಿ ತಪ್ಪು ಹುಡುಕುತ್ತಿಲ್ಲ. ಈಗ ಇನ್ನೊಂದು ಸಲ ಹೋಗಿ, ಇದು ಟಿಬಿ ಅಲ್ಲ, ನಿಮ್ಮ ತೋಟದ ಮನೆಯಲ್ಲಿ ಕಲ್ಲು ಕೊಯ್ದು ಬಂದ ಕಾಯಿಲೆ ಅಂತ ಹೇಳಿಬಿಡಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ನಮ್ಮ ಲೈನಿನ ಕಥೆ ನಿಮಗೆ ಗೊತ್ತಲ್ಲ. ಟಿಬಿ ಬಂದವರು ಯಾರೂ ಟಿಬಿ ಅನ್ನುತ್ತಿರಲಿಲ್ಲ. ಲೈನ್ ಬಿಡಿಸುತ್ತಾರೆ ಅಂತ ಹೆದರಿ "ಏನಿಲ್ಲ, ಧೂಳಿನ ಕೆಮ್ಮು" ಅನ್ನುತ್ತಿದ್ದರು. ನನ್ನ ಅಪ್ಪ ಮಾರಯ್ಯ ರಕ್ತ ಕಾರುವ ತನಕ ಧೂಳು ಧೂಳು ಅಂತಲೇ ಇದ್ದ. ಅವನ ಮಗ್ಗುಲಲ್ಲಿ ಮಲಗುತ್ತಿದ್ದ ನನ್ನ ತಂಗಿ ಹೋದಳು. ರೇವತಿಯೂ ಅದೇ ಲೈನಿನಲ್ಲಿ ಹುಟ್ಟಿ ಬೆಳೆದವಳು. ನಾನು ಧೂಳು ಅಂದ ತಕ್ಷಣ ಅವಳಿಗೆ ನನ್ನ ತಂಗಿಯ ಮುಖ ಕಾಣುತ್ತದೆ.

ನೀವು ಹೇಳಿದರೆ ನಂಬುತ್ತಾಳೆ. ಬೇರೆ ಏನೂ ಬೇಡ ಅಣ್ಣಾ. ಅಮ್ಮನವರಿಗೂ ದೊಡ್ಡ ಧಣಿಗಳಿಗೂ ನಮಸ್ಕಾರ ತಿಳಿಸಿ.

ನಿಮ್ಮ,
ರಾಜೇಶ


ತೋಟದ ಮನೆ
29 ಜನವರಿ 2024

ರಾಜೇಶಾ,

ನಿನ್ನ ಕಾಗದ ನೋಡಿ ಒಂದು ಕ್ಷಣ ಮೇಷ್ಟ್ರು ಡಿಕ್ಟೇಷನ್ ತಿದ್ದೋಕೆ ಕಳಿಸಿದ್ದಾರಾ ಅನ್ನಿಸಿತು ಮಾರಾಯ. ಅಕ್ಷರ ಹೈಸ್ಕೂಲಿನಲ್ಲಿದ್ದ ಹಾಗೇ ದುಂಡಗಿದೆ. ನನ್ನದು ನೋಡು, ಆಗಲೂ ಕೋಳಿ ಕೆದಕಿದ್ದು, ಈಗಲೂ ಅದೇ.

ಮೊದಲು ಧೈರ್ಯ ತಂದುಕೋ. ಡಾಕ್ಟರುಗಳ ಮಾತಿಗೆ ತೀರಾ ತಲೆ ಕೆಡಿಸಿಕೊಳ್ಳಬೇಡ. ಒಬ್ಬ ಟಿಬಿ ಅಂದ, ಇನ್ನೊಬ್ಬ ಧೂಳು ಅಂದ, ಮೂರನೆಯವನ ಹತ್ತಿರ ಹೋದರೆ ಪಾರಿವಾಳವೇ ಅನ್ನುತ್ತಾನೆ. ಕಲ್ಲು ಕೊಯ್ಯುವವರು ಮೂಡಿಗೆರೆ ತುಂಬ ಇದ್ದಾರೆ, ಎಲ್ಲರೂ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿಲ್ಲವಾ? ನಿಮ್ಮಪ್ಪನಿಗೆ ಏನಿತ್ತು ಅನ್ನೋದು ಊರಿಗೇ ಗೊತ್ತು. ಬೇಜಾರು ಮಾಡಿಕೊಳ್ಳಬೇಡ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಕೊಟ್ಟಿಗೆಹಾರಕ್ಕೆ ಹೋಗುವುದು ನನಗೆ ದೊಡ್ಡ ಮಾತಲ್ಲ. ಆದರೆ ಯೋಚನೆ ಮಾಡು. ನನ್ನ ಮಾತು ಕೇಳಿ ರೇವತಿ ಮಗುವನ್ನು ಕರೆದುಕೊಂಡು ಬಂದಳು, ನಾಳೆ ಆ ಕೂಸಿಗೆ ಏನಾದರೂ ಆಯಿತು ಅಂದರೆ? ಆ ಪಾಪ ನಾನು ಹೊರೋಕಾಗಲ್ಲ.

ಹೋಂಸ್ಟೇ ಚೆನ್ನಾಗಿ ನಡೆಯುತ್ತಿದೆ. ನೀನು ಹಾಕಿದ ನೆಲ ನೋಡಿ ಬೆಂಗಳೂರಿನವರು ಯಾರು ಮಾಡಿದ್ದು ಅಂತ ಕೇಳುತ್ತಾರೆ, ನಿನ್ನ ಹೆಸರೇ ಹೇಳುತ್ತೇನೆ. ಇನ್ನೊಂದು ಬ್ಲಾಕ್ ಎಬ್ಬಿಸಬೇಕು ಅಂತಿದೆ. ನಿನ್ನಂಥ ಕೈ ಮಾತ್ರ ಸಿಗುವುದಿಲ್ಲ.

ಡ್ರೈವರ್ ಹತ್ತಿರ ಕಿತ್ತಳೆಯೂ ಮನೆಯ ಕಾಫಿಪುಡಿಯೂ ಕಳಿಸಿದ್ದೇನೆ. ನಿಮ್ಮವ್ವ ಸಿದ್ದಮ್ಮನಿಗೆ ಕೇಳಿದೆ ಅಂತ ಹೇಳು.

ಪ್ರೀತಿಯಿಂದ,
ಶಶಿಧರ್


ಗೋಣಿಬೀಡು
10 ಫೆಬ್ರವರಿ 2024

ಶಶಿಧರಣ್ಣನವರಿಗೆ,

ಕಿತ್ತಳೆ ಬಂತು. ಅವ್ವ ತಿಂದಳು.

ಮೂಡಿಗೆರೆಯಲ್ಲಿ ಕಲ್ಲು ಕೊಯ್ಯುವವರು ಬೇಕಾದಷ್ಟು ಜನ ಇದ್ದಾರೆ, ನಿಜ. ಅವರು ಬಯಲಲ್ಲಿ ಕೂತು, ಒಬ್ಬ ಬಾಟಲಿಯಿಂದ ನೀರು ಬಿಡುತ್ತಾ ಇನ್ನೊಬ್ಬ ಕೊಯ್ಯುತ್ತಾನೆ. ನಾನೂ ಎಲ್ಲ ಕಡೆ ಹಾಗೇ ಕೊಯ್ದವನು, ನಿಮ್ಮ ಮನೆಯೊಂದನ್ನು ಬಿಟ್ಟು. ನೀವು ಮರೆತ ಹಾಗಿದೆ, ನೆನಪು ಮಾಡುತ್ತೇನೆ.

ನಮ್ಮ ಕಡೆ ಮನೆ ಕೆಲಸ ನಡೆಯುವುದು ಮಳೆ ಇಲ್ಲದ ತಿಂಗಳಲ್ಲಿ ಮಾತ್ರ. ಕಾಫಿ ಒಣಗುವುದೂ ಅದೇ ತಿಂಗಳಲ್ಲಿ. ಅಂಗಳದ ಕಣದ ತುಂಬ ಪಾರ್ಚ್‌ಮೆಂಟು ಕಾಫಿ ಹರಡಿರುತ್ತಿತ್ತು. ಮೊದಲನೇ ವರ್ಷ ನಾನು ಕಣದ ಪಕ್ಕ ಮಷೀನು ಇಟ್ಟಾಗ ಅಮ್ಮನವರು ಜಗಲಿಯಿಂದ ಕೂಗಿದ್ದು ಈಗಲೂ ಕಿವಿಯಲ್ಲಿದೆ. "ಎಂತ ಮಾಡ್ತಿದ್ದೀಯ ರಾಜೇಶ? ಕಾಫಿ ಮೇಲೆ ಕಲ್ಲಿನ ಹುಡಿ ಕೂತ್ರೆ ಕೊಳ್ಳೋ ಕ್ಯೂರಿಂಗ್‌ನವ್ರು ರೇಟು ಕಡಿಯೋಲ್ವಾ? ಒಳಗ್ ಹೋಗಿ ಬಾಗ್ಲು ಹಾಕ್ಕೊಂಡು ಕೊಯ್ಯಿ!" ನೀರು ಬಿಡುತ್ತೇನೆ ಅಮ್ಮ, ಹುಡಿ ಏಳುವುದಿಲ್ಲ ಅಂದೆ. ಕಲ್ಲಿನ ಕೆಸರು ಕಣಕ್ಕೆ ಹರಿಯುತ್ತದೆ, ಕಾಫಿ ಒದ್ದೆಯಾದರೆ ಬೂಷ್ಟು, ನೀರೂ ಬೇಡ ಅಂದಿರಿ. ಅದನ್ನು ಅಂದವರು ಅಮ್ಮ ಅಲ್ಲ, ನೀವು. ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಿದವರೂ ನೀವು. ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿಸಿದಿರಿ. ಒಳಗೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಆಮೇಲಾಮೇಲೆ ಅಡುಗೆಕಟ್ಟೆಗೆ ಅಂತ ಫ್ಯಾಕ್ಟರಿಯಲ್ಲಿ ಮಾಡಿದ ಕಲ್ಲು ತರಿಸಿದಿರಲ್ಲ, ಅದರ ಹುಡಿ ಇನ್ನೂ ನಯ, ಗೋಧಿಹಿಟ್ಟಿನ ಹಾಗೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು ಅಂದರು ಡಾಕ್ಟರು. ಎಂಟು ಬೇಸಿಗೆ ಹೀಗೆ ಕೊಯ್ದೆ. ನಿಮ್ಮ ಕಾಫಿಗೆ ಒಂದು ಕಣ ಹುಡಿ ಬೀಳಲಿಲ್ಲ. ಬಿದ್ದಿದ್ದೆಲ್ಲ ನನಗೆ.

ಅದಕ್ಕೆ ಜಗಳ ಮಾಡೋಕೆ ನಾನು ಬಂದಿಲ್ಲ. ಆಗ ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳುತ್ತೇನೆ. ಈಗ ಗೊತ್ತಾಯಿತಲ್ಲ. ರೇವತಿಯ ಮುಂದೆ ನಿಂತು ಹೇಳಿ, ಅಷ್ಟೇ ನಾನು ಕೇಳುತ್ತಿರುವುದು. ಸಿಂಚನಾಳಿಗೆ ಏಳು ತುಂಬಿತು. ಹರಡದ ಕಾಯಿಲೆ ಇಟ್ಟುಕೊಂಡು ಮಗಳನ್ನು ಮುಟ್ಟದೆ ಸಾಯುವುದು ಎಂಥ ಕರ್ಮ ಹೇಳಿ.

ರಾಜೇಶ


ತೋಟದ ಮನೆ
22 ಮಾರ್ಚ್ 2024

ರಾಜೇಶಾ,

ನಿನ್ನ ಕಾಗದ ಅಮ್ಮ ಓದಿ ಎರಡು ದಿನ ಊಟ ಬಿಟ್ಟರು. ನಿನ್ನನ್ನು ಮನೆ ಮಗನ ಹಾಗೆ ನೋಡಿಕೊಂಡವರು ಅವರು. ದಿನಾ ಮಧ್ಯಾಹ್ನ ಊಟ ಯಾರು ಕೊಡುತ್ತಿದ್ದರು, ಅದನ್ನೂ ಸ್ವಲ್ಪ ಬರೆಯಬೇಕಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೋ ಅಂತ ನಾನು ಹೇಳಿರಲಿಲ್ಲವಾ? ಸೆಖೆ ಅಂತ ಬಿಚ್ಚುತ್ತಿದ್ದವನು ನೀನು.

ಇರಲಿ. ಹೋದ ಭಾನುವಾರ ಕೊಟ್ಟಿಗೆಹಾರಕ್ಕೆ ಹೋಗಿದ್ದೆ. ಮನೆಗೆ ಬೀಗ ಹಾಕಿತ್ತು. ಪಕ್ಕದವರನ್ನು ಕೇಳಿದರೆ ಕಳಸಕ್ಕೆ ಹೋಗಿದ್ದಾರೆ ಅಂದರು. ಸ್ವಲ್ಪ ಹೊತ್ತು ಕಾದು ವಾಪಸು ಬಂದೆ. ಈಗ ಮೆಣಸು ಕೊಯ್ಲು, ಆಮೇಲೆ ಕಾಫಿಗೆ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ತಲೆನೋವು. ಪುರುಸೊತ್ತಾದಾಗ ಮತ್ತೆ ಹೋಗುತ್ತೇನೆ. ಅವಸರ ಮಾಡಬೇಡ.

ಶಶಿಧರ್


ಗೋಣಿಬೀಡು
7 ಏಪ್ರಿಲ್ 2024

ಶಶಿಧರಣ್ಣನವರಿಗೆ,

ನೀವು ಹೋಗಿಲ್ಲ.

ನಾನು ಹೋಗಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕೆಮ್ಮು ಬಂದಾಗ ಟವೆಲ್ಲಿನಲ್ಲಿ ಮುಖ ಹುದುಗಿಸಿಕೊಂಡು ಹೋದೆ. ಆದರೂ ಪಕ್ಕದಲ್ಲಿದ್ದವರು ಎದ್ದು ಹೋಗಿ ನಿಂತುಕೊಂಡರು. ಕೊಟ್ಟಿಗೆಹಾರದಲ್ಲಿ ಹೋಟೆಲಿನ ಎದುರು ರಸ್ತೆಯ ಈಚೆ ನಿಂತೆ. ರೇವತಿ ಅದೇ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಾಳೆ. ನನ್ನನ್ನು ಕಂಡು ಬಾಗಿಲಿಗೆ ಬಂದಳು, ರಸ್ತೆ ದಾಟಲಿಲ್ಲ. ಶಶಿಧರಣ್ಣ ಬಂದಿದ್ರಾ, ನೀವು ಕಳಸಕ್ಕೆ ಹೋಗಿದ್ರಾ ಅಂತ ಕೂಗಿ ಕೇಳಿದೆ. "ಯಾವ ಧಣಿನೂ ಬಂದಿಲ್ಲ. ಅವರಿಗೇನು ಕಣ್ಣು ಕಾಣಲ್ವಾ ನಮ್ಮ ಹೋಟ್ಲು ರೋಡಲ್ಲೇ ಇರೋದು? ಕಳಸಕ್ಕೆ ಹೋಗಿ ಎಷ್ಟೋ ವರ್ಷ ಆಯ್ತು!" ಅಂದಳು.

ಹಿಂದಿನಿಂದ ಸಿಂಚನಾ ಬಂದಳು. ಉದ್ದ ಆಗಿದ್ದಾಳೆ. "ಅಪ್ಪಾ" ಅಂದಳು. ಅಂದವಳೇ ಯಾರೂ ಹೇಳದೆ ತಾನೇ ಫ್ರಾಕಿನ ತುದಿ ಎತ್ತಿ ಮೂಗಿಗೆ ಹಿಡಿದುಕೊಂಡಳು. ಇನ್ನೊಂದು ಕೈ ಬೀಸಿದಳು. ಅಷ್ಟು ಚೆನ್ನಾಗಿ ಕಲಿಸಿದ್ದಾರೆ. ನಾನೂ ಕೈ ಬೀಸಿ ಬಸ್ಸು ಹತ್ತಿದೆ.

ನನ್ನ ಮಗಳಿಗೆ ಮೂಗು ಮುಚ್ಚಿಕೊಳ್ಳುವುದನ್ನು ಕಲಿಸಿದವರು ನೀವು. ಹೋಂಸ್ಟೇಗೆ ಬಂದ ಅತಿಥಿಗಳು ಲೈನಿನಿಂದ ಕೆಮ್ಮು ಕೇಳುತ್ತದೆ ಅಂತ ಕಂಪ್ಲೇಂಟ್ ಮಾಡಿದ ಮಾರನೇ ದಿನ ಜೀಪು ತಂದಿರಿ. ನನ್ನನ್ನೂ ಅವ್ವನನ್ನೂ ಗೋಣಿಬೀಡಿಗೆ, ಅವರನ್ನು ಕೊಟ್ಟಿಗೆಹಾರಕ್ಕೆ. ಇಷ್ಟು ದಿನ ನಾನು ಆ ಕಂಪ್ಲೇಂಟನ್ನೂ ಜೀಪನ್ನೂ ಸೇರಿಸಿ ನೋಡಿರಲಿಲ್ಲ. ಬಸ್ಸಿನಲ್ಲಿ ಕೂತು ನೋಡಿದೆ. ಊಟ ಹಾಕಿದ್ದು ನಿಜ, ಋಣ ಇಲ್ಲ ಅನ್ನುವುದಿಲ್ಲ. ಆದರೆ ಉಂಡ ಮನೆಯ ಋಣ ಇಷ್ಟು ದುಬಾರಿಯಾ?

ಹೋಗಿ ಹೇಳಿ. ಸುಳ್ಳು ಹೇಳೋಕೆ ಪುರುಸೊತ್ತು ಇದೆ, ನಿಜ ಹೇಳೋಕೆ ಇಲ್ಲವಾ?

ರಾಜೇಶ


ತೋಟದ ಮನೆ
20 ಜೂನ್ 2024

ರಾಜೇಶ್,

ನಿನ್ನ ಕಾಗದಕ್ಕೆ ಉತ್ತರ ಕೊಡಬಾರದು ಅಂತಲೇ ಇದ್ದೆ. ಆದರೆ ಈಗ ವಿಷಯ ಬೇರೆ ಆಗಿದೆ. ಮಂಗಳೂರಿನ ನಿನ್ನ ಡಾಕ್ಟರು ಮೇಲಿನವರಿಗೆ ಬರೆದಿದ್ದಾರಂತೆ, ಕೆಲಸದಿಂದ ಬಂದ ಕಾಯಿಲೆ ಅಂತ. ಹೋದ ವಾರ ಕಾರ್ಮಿಕ ಇಲಾಖೆಯವರು ಮನೆಗೆ ಬಂದು ಆ ಕೋಣೆಯ ಫೋಟೋ ತೆಗೆದುಕೊಂಡು ಹೋದರು. ಎಂಬತ್ತು ವರ್ಷದ ಅಪ್ಪನನ್ನು ನಿಲ್ಲಿಸಿ ಪ್ರಶ್ನೆ ಕೇಳಿದರು. ಲಿಂಗಪ್ಪನವರ ಮನೆಗೆ ಇಂಥ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನಿನಗೆ ಮೊದಲ ಮಷೀನು ಕೊಡಿಸಿದ್ದು ಯಾರು ಮಾರಾಯ?

ನಮ್ಮ ವಕೀಲರು ಚನ್ನಕೇಶವ ಅಂತ, ಅವರ ಹತ್ತಿರ ಮಾತಾಡಿದೆ. ನೇರವಾಗಿ ಹೇಳುತ್ತೇನೆ. ನಿನಗೆ ಬೇಕಾಗಿರುವುದು ಹೆಂಡತಿ, ಮಗಳು. ನನಗೆ ಬೇಕಾಗಿರುವುದು ಈ ರಗಳೆ ನಿಲ್ಲುವುದು. ನಿನಗೆ ಟಿಬಿ, ನಿಮ್ಮಪ್ಪನಿಂದ ಬಂದದ್ದು, ನಮ್ಮ ಮನೆ ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಸ್ವಂತ ಅಕ್ಷರದಲ್ಲಿ ಬರೆದು ಸಹಿ ಹಾಕಿ ಕಳಿಸು. ಅದು ಇಲಾಖೆಯ ಫೈಲಿಗೆ ಹೋಗುತ್ತದೆ, ಅಲ್ಲೇ ಧೂಳು ತಿನ್ನುತ್ತದೆ. ಅದು ನನ್ನ ಕೈ ಸೇರಿದ ದಿನವೇ ಕೊಟ್ಟಿಗೆಹಾರಕ್ಕೆ ಹೋಗಿ ನೀನು ಹೇಳಿದ ಹಾಗೆ ರೇವತಿಗೆ ಹೇಳುತ್ತೇನೆ. ದೇವರಾಣೆ.

ಈ ಕಾಗದ ಓದಿ ಒಲೆಗೆ ಹಾಕು.

ಶಶಿಧರ್


ಗೋಣಿಬೀಡು
4 ಜುಲೈ 2024

ಶಶಿಧರಣ್ಣನವರಿಗೆ,

ಇದರ ಜೊತೆ ಇಟ್ಟಿದ್ದೇನೆ. "ನನ್ನ ತಂದೆ ಮಾರಯ್ಯನವರಿಗೆ ಟಿಬಿ ಇತ್ತು, ಅವರಿಂದ ನನಗೂ ಬಂದಿದೆ, ಲಿಂಗಪ್ಪನವರ ಮನೆಯ ಕೆಲಸಕ್ಕೂ ನನ್ನ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ" ಅಂತ ಬರೆದಿದ್ದೇನೆ. ಸಾಕಾ? ಸಾಲದಿದ್ದರೆ ಹೇಳಿ, ಇನ್ನೂ ಬರೆಯುತ್ತೇನೆ.

ಅವ್ವ ಬೇಡ ಅಂದಳು. "ಸತ್ತ ನಿಮ್ಮಪ್ಪನ್ನ ಇನ್ನೊಂದ್ಸಲ ಸಾಯಿಸ್ತೀಯಾ?" ಅಂತ ಬೈದಳು. ಅಪ್ಪ ಟಿಬಿ ಇಟ್ಟುಕೊಂಡು ಧೂಳು ಅಂದ, ನಾನು ಧೂಳು ಇಟ್ಟುಕೊಂಡು ಟಿಬಿ ಅನ್ನುತ್ತಿದ್ದೇನೆ, ಲೆಕ್ಕ ಸರಿಹೋಯಿತು ಅಂದೆ. ಅವಳು ಬಹಳ ಹೊತ್ತು ಅತ್ತಳು. ನಂತರ ಅಂಚೆಪೆಟ್ಟಿಗೆಗೆ ತಾನೇ ಹಾಕಿ ಬರುತ್ತೇನೆ ಅಂದಳು, ನನಗೆ ಈಗ ಏರು ಹತ್ತಲು ಆಗುವುದಿಲ್ಲ.

ನನ್ನ ಕೆಲಸ ನಾನು ಮಾಡಿದೆ. ಇನ್ನು ನಿಮ್ಮದು.

ರಾಜೇಶ


ತೋಟದ ಮನೆ
26 ಆಗಸ್ಟ್ 2024

ರಾಜೇಶಾ,

ಮಾತು ಉಳಿಸಿಕೊಂಡಿದ್ದೇನೆ. ಮಳೆ ಬಿಡಲಿ ಅಂತ ಕಾಯುತ್ತಿದ್ದೆ, ಚಾರ್ಮಾಡಿ ಕಡೆ ರಸ್ತೆಯೆಲ್ಲ ಕುಸಿದಿತ್ತು. ನಿನ್ನೆ ಹೋದೆ. ರೇವತಿಗೆ ನಿಂತುಕೊಂಡೇ ಹೇಳಿದೆ, ಇದು ಟಿಬಿ ಅಲ್ಲ, ಕಲ್ಲಿನ ಧೂಳು, ಮಗುವಿಗೆ ಹರಡಲ್ಲ ಅಂತ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಗೌರಿ ಗಣೇಶ ಹಬ್ಬ ಕಳೆದ ಮಾರನೇ ದಿನ ಮಗುವನ್ನು ಕರೆದುಕೊಂಡು ಬರುತ್ತಾಳಂತೆ. ಇನ್ನಾದರೂ ಸಮಾಧಾನದಲ್ಲಿರು. ಆಗಿದ್ದೆಲ್ಲ ಮರೆತುಬಿಡೋಣ.

ಶಶಿಧರ್


ಗೋಣಿಬೀಡು
20 ಸೆಪ್ಟೆಂಬರ್ 2024

ರೇವತೀ,

ಹಬ್ಬ ಕಳೆದು ಎರಡು ವಾರ ಆಯಿತು. ಬಸ್ಸು ಸಿಗಲಿಲ್ಲವಾ, ಹೋಟೆಲಿನವರು ರಜೆ ಕೊಡಲಿಲ್ಲವಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನ್ನಿಂದ ಮಾತಾಡಲು ಆಗುವುದಿಲ್ಲ, ಅದೂ ಸರಿಯೇ.

ಅವ್ವ ಕೋಣೆಯನ್ನು ಪೊರಕೆ ಹಿಡಿದು ಗುಡಿಸುವುದನ್ನೇ ಬಿಟ್ಟಿದ್ದಾಳೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾಳೆ. ಸಿಂಚನಾ ಬಂದರೆ ಮಲಗೋಕೆ ಅಂತ ಕಿಟಕಿ ಹತ್ತಿರ ಹಾಸಿಗೆ ಹಾಕಿ ದಿನಾ ಕೊಡವಿ ಇಡುತ್ತಾಳೆ. ಶಾಲೆ ಇಲ್ಲಿಂದ ಹತ್ತಿರ. ಟೀಚರಮ್ಮನನ್ನು ಕೇಳಿದ್ದೇನೆ, ಮಧ್ಯದಲ್ಲಿ ಸೇರಿಸಿಕೊಳ್ಳುತ್ತಾರಂತೆ.

ನಾನು ಬಹಳ ವರ್ಷ ಬದುಕುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ. ಕಲೆ ಕಟ್ಟಿದ್ದು ಮತ್ತೆ ಬಿಡುವುದಿಲ್ಲವಂತೆ, ಇನ್ನೂ ಬಿಗಿಯುತ್ತಾ ಹೋಗುತ್ತದಂತೆ. ಇರುವಷ್ಟು ಉಸಿರಲ್ಲಿ ಮಗಳ ಹತ್ತಿರ ಮಾತಾಡಬೇಕು ಅಂತ ಆಸೆ. ಅವಳಿಗೆ ಮಗ್ಗಿ ಹೇಳಿಕೊಡುತ್ತೇನೆ, ಅದಕ್ಕೆ ಹೆಚ್ಚು ಉಸಿರು ಬೇಡ, ಅವಳೇ ಹೇಳುತ್ತಾಳೆ, ನಾನು ಕೇಳುತ್ತೇನೆ.

ನಿನ್ನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನನ್ನ ತಂಗಿಯನ್ನು ನೋಡಿದವಳು ನೀನು. ನಿನ್ನ ಜಾಗದಲ್ಲಿದ್ದರೆ ನಾನೂ ಮಗುವನ್ನು ಎತ್ತಿಕೊಂಡು ಓಡುತ್ತಿದ್ದೆ. ಈಗ ಹೆದರಿಕೆ ಇಲ್ಲವಲ್ಲ. ಬಾ.

ನಿನ್ನ,
ರಾಜೇಶ


ಕೊಟ್ಟಿಗೆಹಾರ
4 ಡಿಸೆಂಬರ್ 2024

ಸಿಂಚನಾಳ ಅಪ್ಪನಿಗೆ,

ನಿಮ್ಮ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯಲು ಕೂತಾಗೆಲ್ಲ ಸಿಟ್ಟು ಬಂದು ಎದ್ದು ಹೋಗುತ್ತಿದ್ದೆ. ಇವತ್ತು ಬರೆದೇ ಬಿಡುತ್ತೇನೆ.

ಹಬ್ಬದ ಮಾರನೇ ದಿನ ಬೆಳಿಗ್ಗೆ ಬ್ಯಾಗು ತುಂಬಿ ಬಾಗಿಲಲ್ಲಿ ಇಟ್ಟಿದ್ದೆ. ಮಗಳು ಹೊಸ ಲಂಗ ಹಾಕಿಕೊಂಡು ರಸ್ತೆಯಲ್ಲಿ ನಿಂತು ಬಸ್ಸು ಬಂತಾ ಬಂತಾ ಅಂತ ಕುಣಿಯುತ್ತಿದ್ದಳು. ಆಗ ನಮ್ಮ ಆಶಾ ಕಾರ್ಯಕರ್ತೆ ಪ್ರೇಮಕುಮಾರಿ ಬಂದರು. "ನಿಮ್ಮ ಯಜಮಾನ್ರು ತಮಗೆ ಟಿಬಿ ಅಂತ ಬರ್ಕೊಟ್ಟಿದ್ದಾರೆ, ಕಾರ್ಮಿಕ ಇಲಾಖೆಯಿಂದ ಆಸ್ಪತ್ರೆಗೆ ಕಾಗದ ಬಂದಿದೆ, ಅವರ ಮಗುವನ್ನ ಪರೀಕ್ಷೆ ಮಾಡಬೇಕು" ಅಂದರು. ಸುಳ್ಳು, ಧಣಿಗಳೇ ಬಂದು ಧೂಳು ಅಂತ ಹೇಳಿ ಹೋಗಿದ್ದಾರೆ ಅಂತ ಅವರ ಮೇಲೇ ಜಗಳಕ್ಕೆ ಹೋದೆ. ಅವರು ಫೋನಿನಲ್ಲಿ ಫೋಟೋ ತೋರಿಸಿದರು. ನಿಮ್ಮ ಅಕ್ಷರ ನನಗೆ ಗೊತ್ತಿಲ್ಲವಾ? ಮದುವೆಗೆ ಮುಂಚೆ ಅದೇ ದುಂಡು ಅಕ್ಷರದಲ್ಲಿ ನನಗೆ ಚೀಟಿ ಬರೆದವರು ನೀವು.

ಶಶಿಧರಣ್ಣನಿಗೆ ಫೋನ್ ಮಾಡಿ ಕೇಳಿದೆ. "ಏನ್ ಮಾಡ್ಲಿ ರೇವತಿ, ಅವನು ಕಾಗದದ ಮೇಲೆ ಕಾಗದ ಬರೆದು ಗೋಗರೆದ. ಸಾಯೋನ ಆಸೆ ಅಂತ ಹಾಗೆ ಹೇಳ್ದೆ. ನೀನು ಮಗು ಹುಷಾರು" ಅಂದರು.

ಈಗ ನೀವೇ ಹೇಳಿ, ನಾನು ಯಾವುದನ್ನು ನಂಬಲಿ? ನಮ್ಮ ಲೈನಿನಲ್ಲಿ ಟಿಬಿ ಇದ್ದು ಧೂಳು ಅಂದವರನ್ನು ಬೇಕಾದಷ್ಟು ನೋಡಿದ್ದೇನೆ. ಧೂಳು ಇದ್ದು ಟಿಬಿ ಅಂತ ಬರೆದುಕೊಟ್ಟವನನ್ನು ಯಾರಾದರೂ ನೋಡಿದ್ದಾರಾ? ಇಲ್ಲದ ಟಿಬಿಯನ್ನು ಯಾವನಾದರೂ ಮೈಮೇಲೆ ಎಳೆದುಕೊಳ್ಳುತ್ತಾನಾ? ನಿಮ್ಮಪ್ಪನ ಹಾಗೇ ಮಾಡಿದಿರಿ. ಅವರು ಒಬ್ಬಳು ಮಗಳನ್ನು ತಿಂದರು. ನೀವು ಇನ್ನೊಬ್ಬಳನ್ನು ಹಾಸಿಗೆ ಹಾಸಿ ಕರೆದಿರಿ.

ಸಿಂಚನಾಳಿಗೆ ಏನೂ ಇಲ್ಲ, ಪರೀಕ್ಷೆಯಲ್ಲಿ ಚೆನ್ನಾಗಿದ್ದಾಳೆ ಅಂತ ಬಂತು. ದೇವರು ದೊಡ್ಡವನು. ನಿಮ್ಮನ್ನು ಕೇಳುತ್ತಾಳೆ, ಇಲ್ಲ ಅನ್ನುವುದಿಲ್ಲ. ರಾತ್ರಿ ಅವಳು ಮಗ್ಗಿ ಹೇಳುವಾಗ ಎದ್ದು ಹೋಗಿ ಅಳುತ್ತೇನೆ, ಅದನ್ನು ನಿಮಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಟ್ಟೆ. ಆದರೆ ಕಳಿಸುವುದಿಲ್ಲ. ನೀವೂ ಬರಬೇಡಿ. ಔಷಧಿ ಸರಿಯಾಗಿ ತಗೊಳ್ಳಿ. ಅತ್ತೆಗೆ ಹುಷಾರಾಗಿರೋಕೆ ಹೇಳಿ, ನಿಮ್ಮ ತಟ್ಟೆ ಲೋಟ ಬೇರೆ ಇಡಲಿ.

ನನ್ನ ತಮ್ಮ ದಿಲೀಪ ಕೆಲಸ ಇಲ್ಲದೆ ಅಲೆಯುತ್ತಿದ್ದನಲ್ಲ, ದೀಪಾವಳಿ ಕಳೆದ ಮೇಲೆ ಶಶಿಧರಣ್ಣ ಅವನಿಗೆ ಕೆಲಸ ಕೊಟ್ಟಿದ್ದಾರೆ. ಹೊಸ ಬ್ಲಾಕಿಗೆ ಕಲ್ಲು ಕೊಯ್ಯುವುದು. ನಿಮ್ಮ ಮಷೀನೇ ಅಂತೆ. ಕಣದಲ್ಲಿ ಕಾಫಿ ಹರಡಿದೆ, ಅದಕ್ಕೆ ಒಳಗೇ ಕೂತು ಮಾಡುವ ಕೆಲಸ, ಬಿಸಿಲಿನ ಕಾಟ ಇಲ್ಲ ಅನ್ನುತ್ತಾನೆ. ಭಾನುವಾರ ಮನೆಗೆ ಬಂದರೆ ಹುಬ್ಬು ರೆಪ್ಪೆ ಎಲ್ಲ ಬೆಳ್ಳಗೆ. ಸಿಂಚನಾ ಅಜ್ಜ ಬಂದ ಅಜ್ಜ ಬಂದ ಅಂತ ನಗುತ್ತಾಳೆ, ಅವನ ತೊಡೆ ಮೇಲೆ ಹತ್ತಿ ಕೂರುತ್ತಾಳೆ. ಹೋದ ವಾರದಿಂದ ಸ್ವಲ್ಪ ಕೆಮ್ಮುತ್ತಿದ್ದಾನೆ. ನಾನು ಹೆದರಲಿಲ್ಲ, ಅವನು ನಿಮ್ಮ ಹತ್ತಿರ ಸುಳಿದವನೇ ಅಲ್ಲ. ಅವನದು ಬರೀ ಧೂಳು.

ರೇವತಿ